ಸಮೀಕರಣಕ್ಕೆ ಬಂದು ನಿಂತ ಪಾಠ

ಈ ನೆನಪನ್ನು ಎಲ್ಲಿಂದ ಹಿಡಿದರೂ ಮೊದಲು ಅದಿರಿನ ಧೂಳೇ ಬರುತ್ತದೆ. ಅದು ಅಂದಿನದೋ, ಆಮೇಲೆ ಬಳ್ಳಾರಿಯ ಬಗ್ಗೆ ಓದಿ ಓದಿ ಮೆತ್ತಿಕೊಂಡದ್ದೋ, ಹೇಳಲಾರೆ. ಜೀಪು ಸಿಗುತ್ತಿರಲಿಲ್ಲ ಎಂಬುದಂತೂ ನಿಜ. ಬಾಡಿಗೆಯವೆಲ್ಲ ಗಣಿಗೆ ಹೋಗಿದ್ದವು. ನಮ್ಮ ವಿಶ್ವವಿದ್ಯಾಲಯದ ಬಳ್ಳಾರಿ ಕೇಂದ್ರದ ವಿದ್ಯಾರ್ಥಿಗಳು ಶನಿವಾರ ಸಿರುಗುಪ್ಪ, ಕುರುಗೋಡಿಗೆ ಹೋಗಿ ಅಲ್ಲಿನವರಿಗೆ ಕಲಿಸುವುದು, ಅವರಿಂದ ಕಲಿಯುವುದು ನಿಂತುಹೋಯಿತು. ಹಾಗಾದರೆ ಅಂತರ್ಜಾಲದಲ್ಲಿ ಪಾಠ ಹಾಕಿ ಎಂದರು ಮೇಲಿನವರು. ಪುಟ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಕುರುಗೋಡಿನಲ್ಲಿ ಒಬ್ಬ ಅಂಗನವಾಡಿ ಸಹಾಯಕಿ ಇದ್ದರು. ಹತ್ತನೇ ತರಗತಿಯ ಗಣಿತವೊಂದೇ ಅವರಿಗೆ ಉಳಿದಿತ್ತು. ಪಾಸಾದರೆ ಕಾರ್ಯಕರ್ತೆ, ಇಲ್ಲವಾದರೆ ಆ ಹುದ್ದೆ ಬೇರೆಯವರಿಗೆ. ನಮ್ಮ ಹುಡುಗಿಯರು ಅವರಿಗೆ ಬೀಜಗಣಿತ ಹೇಳಿಕೊಡುತ್ತ, ಚಿಕ್ಕ ಮಕ್ಕಳನ್ನು ಪಳಗಿಸುವುದನ್ನು ಅವರಿಂದ ಕಲಿಯುತ್ತಿದ್ದರು. ಪಾಠ ಸಮೀಕರಣಕ್ಕೆ ಬಂದಾಗ ಜೀಪು ನಿಂತಿತು.

ಪುಟಕ್ಕೆ ಏನೇನೋ ಹಾಕಿದೆ. ಹಳ್ಳಿಗೆ ಹೋಗುವವರಿಗೆ ಸೂಚನೆ, ಧ್ವನಿಮುದ್ರಣ, ಉದ್ದೇಶ. ಎಲ್ಲಕ್ಕೂ ಮೇಲೆ, ಮಕ್ಕಳ ನಡುವೆ ನಗುತ್ತಿರುವ ಆಕೆಯ ಫೋಟೊ. ನಗುತ್ತಿದ್ದರೇ? ಈಗ ಅನುಮಾನ.

ಒಂದು ಭಾನುವಾರ, ಆ ಪುಟ ನೋಡಬೇಕೆಂದು, ಸಿರುಗುಪ್ಪದ ಗೆಳತಿಯೊಬ್ಬರನ್ನು ಕರೆದುಕೊಂಡು ಆಕೆ ಬಂದೇಬಿಟ್ಟರು. ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿದೆ. ಆಗಿನ ನಿಧಾನದ ಇಂಟರ್ನೆಟ್‌ನಲ್ಲಿ ಫೋಟೊ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಕೂದಲು, ಆಮೇಲೆ ಹಣೆ.

“ನಿನ್ನ ಗಲ್ಲ ಬರೋದ್ರಾಗ ಊಟದ ಹೊತ್ತಾಗತೈತಿ ಬಿಡವಾ,” ಎಂದರು ಗೆಳತಿ.

ಆಕೆ ನಗಲಿಲ್ಲ. ಕೊನೆಯವರೆಗೂ ಓದಿ ಕೇಳಿದರು: “ಸರ, ಲೆಕ್ಕ ಎಲ್ಲಿ ಅದಾವ್ರಿ?”

ಇದು ವಿದ್ಯಾರ್ಥಿಗಳಿಗೆ, ನಿಮ್ಮಲ್ಲಿಗೆ ಬರುವ ಮೊದಲು ಓದಿಕೊಳ್ಳಲು ಎಂದೆ.

“ಅವ್ರು ಬರಂಗಿಲ್ಲಲ್ರಿ.”

ಕುರುಗೋಡಿನಲ್ಲಿ ಇಂಟರ್ನೆಟ್ ಎಲ್ಲಿದೆ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಇಲ್ಲೇ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಇಂಟರ್ನೆಟ್ ಅಂಗಡಿಯಿದೆ, ಬಜಾರಿಗೆ ಬಂದಾಗ ಕಾಗದದ ಮೇಲೆ ತೆಗೆಸಿಕೊಂಡು ಹೋಗುತ್ತೇನೆ ಎಂದರು. ಅದನ್ನು ಮೊದಲೇ ವಿಚಾರಿಸಿಕೊಂಡು ಬಂದಿದ್ದರು.

“ನನ್ನ ಫೋಟೊ ತಗೀರಿ. ಅಲ್ಲಿ ಸಮೀಕರಣ ಹಾಕ್ರಿ.”

ಆಕೆ ಪಾಸಾದರೆಂದು ನನ್ನ ನೆನಪು ಹೇಳುತ್ತದೆ. ಅದಕ್ಕೆ ಹಾಗೆ ಮುಗಿಸುವ ಚಟ. ಫಲಿತಾಂಶ ಬರುವ ಮೊದಲೇ ನಾನು ಆ ಕೆಲಸ ಬಿಟ್ಟಿದ್ದೆ. ಕಂಡದ್ದು ಇಷ್ಟೇ: ಫೋಟೊ ಅಳಿಸಿದೆ, ಆಕೆ ಚೀಲದಿಂದ ಗಣಿತದ ಪುಸ್ತಕ ತೆಗೆದು ನನ್ನ ಮುಂದಿಟ್ಟರು, ಕುರ್ಚಿ ಎಳೆದುಕೊಂಡರು.

“ಸಾವಕಾಶ ಹಾಕ್ರಿ. ಯಾವ್ದು ಯಾಕ ಆ ಕಡಿ ಹೋತು ಅನ್ನೂದು ತಿಳೀಬೇಕು.”