ಸರಿಸದ ಗೂಟ

ಮನೆಯೆದುರಿನ ಬಯಲಿನಲ್ಲಿ ಹುಡುಗರು ಕಬಡ್ಡಿ ಅಂಕಣಕ್ಕೆ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದರು. ಅದರ ಒಣ ಘಾಟು ಕಿಟಕಿಯೊಳಗೆ ಬಂದದ್ದೇ ತಡ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ನಾನು ಕುರುಗೋಡಿಗೆ ಹೋಗಿಬಿಟ್ಟೆ. ಈ ವಯಸ್ಸಿನಲ್ಲಿ ಪ್ರಯಾಣಕ್ಕೆ ಅಷ್ಟು ಸಾಕು ನೋಡಿ.

ನಲವತ್ತರ ದಶಕದಲ್ಲಿ ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ. ಬ್ರೂಸ್‌ಪೇಟೆಯಲ್ಲಿ ಮೆಣಸಿನಕಾಯಿ ಮಂಡಿಯ ಮೇಲಿನ ಕೋಣೆ, ಸೀನುತ್ತಲೇ ಪಾಠ. ಸ್ವಾತಂತ್ರ್ಯ ಬರುವ ಹೊತ್ತು, ಓಣಿ ಓಣಿಯಲ್ಲೂ ಭಾಷಣ. ಕೇಳಿ ಕೇಳಿ ನನಗೂ ಒಂದು ಜೀವನಸೂತ್ರ ಬೇಕೆನಿಸಿತು. ಒಂದು ವಾರ ಸತ್ಯ ಹಿಡಿದೆ, ಇನ್ನೊಂದು ವಾರ ತ್ಯಾಗ. ತ್ಯಾಗದ ವಾರ ಮಿರ್ಚಿ ಬಜ್ಜಿ ಬಿಟ್ಟೆ. ಶನಿವಾರ ಸಂಜೆಯ ಎಣ್ಣೆ ವಾಸನೆಗೆ ಸೂತ್ರ ಸೋತಿತು.

ನನ್ನನ್ನು ಓದಿಸಿದವರು ಕುರುಗೋಡಿನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ತಮ್ಮ ಮನೆಗೆ ಕರೆತಂದವರು ಅವರೇ. ನಾನು ವಕೀಲನಾಗಬೇಕೆಂದು ಅವರ ಆಸೆ. ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ನಾನು ಕಾಲುವೆಯ ಓವರ್‌ಸಿಯರ್ ಆಗುತ್ತೇನೆ ಎಂದೆ.

“ನೆಳ್ಳಾಗ ಕುಂದ್ರೂ ಕೆಲಸ ಬಿಟ್ಟು ಬಿಸಲಾಗ ನಿಂತು ಏನ್ ಮಾಡ್ತೀ ಲೇ?” ಎಂದರು.

“ನಾ ಮಾಡಿದ್ದು ನೆಲದ ಮ್ಯಾಲೆ ಕಾಣಬೇಕ್ರಿ ಮಾವ. ಅದರ ಮುಂದ ನಿಂತು ಯಾರಿಗೂ ನೆಪ ಹೇಳೂ ಹಂಗಿರಬಾರದು.”

ಭಾಷಣಗಳಿಂದ ಹೆಕ್ಕಿದ ಸೂತ್ರಗಳೆಲ್ಲ ಉದುರಿದ್ದವು. ಬಾಯಿಗೆ ತಾನಾಗಿ ಬಂದ ಈ ಮಾತೊಂದು ಉಳಿಯಿತು. ಮಾವ ನಕ್ಕರು. “ದೊಡ್ಡ ಮಾತಾತು. ನಿಭಾಯ್ಸು.”

ನಿಭಾಯಿಸುವ ಹೊತ್ತು ಅವರ ಹೊಲದಲ್ಲೇ ಬಂತು. ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆ, ಕುರುಗೋಡಿನ ಕಡೆಯ ಕಾಲುವೆಗೆ ಗುರುತು ಹಾಕುವುದು ನನ್ನ ಪಾಲಿಗೆ ಬಿತ್ತು. ಇಳಿಜಾರು ನೋಡಿ ಗೂಟ ನೆಡುತ್ತಾ, ಸುಣ್ಣದ ಗೆರೆ ಎಳೆಸುತ್ತಾ ಬಂದೆ. ಗೆರೆ ನೇರವಾಗಿ ಮಾವನ ಎರೆಹೊಲದ ನಡುವೆ ಹೊರಟಿತು. ನಾನು ಉಂಡ ಜೋಳ ಬೆಳೆದ ಹೊಲ.

ಮಾವ ಬದುವಿನ ಮೇಲೆ ಬಂದು ನಿಂತರು. “ಗೂಟ ಒಂದೀಟು ಆ ಕಡಿ ಸರಸಾಕ ಬರೂದಿಲ್ಲೇನು?”

ಆ ಕಡೆ ಈರಮ್ಮ ಎಂಬ ವಿಧವೆಯ ತುಂಡು ಹೊಲವಿತ್ತು. ಗೆರೆ ಅತ್ತ ಹೊರಳಿದರೆ ಆಕೆಗೆ ಏನೂ ಉಳಿಯುತ್ತಿರಲಿಲ್ಲ. ಇಳಿಜಾರೂ ಕೆಡುತ್ತಿತ್ತು.

“ಬರೂದಿಲ್ರಿ ಮಾವ.”

“ನಿನ್ನ ಓದಿಸಿದವ ನಾನು.”

“ಹೌದ್ರಿ. ಅದಕ್ಕ ನಿಮ್ಮ ಮುಂದ ನಿಂತು ಹೇಳಾಕತ್ತೀನಿ.”

ಮುಂದಿನ ಗೂಟ ನೆಟ್ಟೆ. ಮಾವ ತಿರುಗಿ ಊರ ಕಡೆ ನಡೆದರು.

ಅಂದು ಸಂಜೆ ಕೆಲಸದ ಡೇರೆಯಲ್ಲೇ ಉಳಿದುಬಿಡಬಹುದಿತ್ತು. ಉಳಿಯಲಿಲ್ಲ. ಆಗದು ಎಂದವನು ಮುಖ ತಪ್ಪಿಸಿಕೊಂಡು ತಿರುಗಿದರೆ ಆ ಮಾತಿಗೆ ಬೆಲೆ ಎಲ್ಲಿ ಎಂದುಕೊಂಡು ಮಾವನ ಮನೆಗೇ ಹೋದೆ. ಅತ್ತೆ ರೊಟ್ಟಿ ಬಡಿಸಿದರು. ಮಾವ ಪಕ್ಕದಲ್ಲೇ ಉಂಡರು. ಗೋಡೆಯೊಂದಿಗಾದರೂ ಮಾತಾಡುತ್ತಿದ್ದರೇನೋ, ನನ್ನೊಂದಿಗೆ ಇಲ್ಲ. ಆಮೇಲೂ ವಾರವಾರ ಹೋದೆ. ಅವ್ವ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾಲುವೆ ಅಗೆದದ್ದಾಯಿತು, ಹೊಲ ಎರಡು ತುಂಡಾಯಿತು, ಮಾವನ ಮೌನ ಮುರಿಯಲಿಲ್ಲ.

ಐವತ್ತರ ದಶಕದ ಮೊದಲಲ್ಲಿ ಕಾಲುವೆಗೆ ನೀರು ಬಿಟ್ಟರು. ಊರೆಲ್ಲ ದಂಡೆಗೆ ಬಂದಿತ್ತು. ಮಾವ ನನ್ನ ಪಕ್ಕಕ್ಕೆ ಬಂದು ನಿಂತರು. ಕೆಂಪು ನೀರು ಕಸಕಡ್ಡಿ ತಳ್ಳಿಕೊಂಡು ಹರಿಯುತ್ತಿತ್ತು.

“ಹೊಲ ಹೋದ ಸಂಕಟ ಹಂಗ ಐತಿ,” ಎಂದರು, ನೀರನ್ನೇ ನೋಡುತ್ತಾ. “ಆದ್ರ ಅವತ್ತು ನೀ ಗೂಟ ಸರಿಸಿದ್ರ, ನಾ ಸುಮ್ಮನ ಇರತಿದ್ದಿಲ್ಲ. ಇನ್ನೊಂದು ಕೇಳತಿದ್ದೆ. ಸಾಯೂತನಕ ಕೇಳತಿದ್ದೆ.” ಆಮೇಲೆ ನನ್ನ ಕಡೆ ತಿರುಗಿ ಅಂದರು, “ನಡಿ, ಉಣ್ಣಾಕ ಹೋಗೂಣು.”

ಈಗ ಮಾವ ಇಲ್ಲ. ನಾನು ನಿವೃತ್ತನಾಗಿ ಒಂದು ಶಾಲೆಯ ಕಮಿಟಿಯಲ್ಲಿದ್ದೇನೆ. ಸಿರುಗುಪ್ಪದ ಹಳೆಯ ಗೆಳೆಯ ತನ್ನ ಮಗನನ್ನು ಅಲ್ಲಿ ಮೇಷ್ಟ್ರು ಮಾಡು ಎಂದು ಕೇಳಿದ; ಆ ಮಗನಿಗಿಂತ ಚೆನ್ನಾಗಿ ಪಾಠ ಹೇಳುವ ಹುಡುಗಿಯೊಬ್ಬಳಿದ್ದಳು, ಆಗದು ಎಂದೆ. ಅಂದಿನಿಂದ ಗೆಳೆಯನ ಸುದ್ದಿಯಿಲ್ಲ. ಅವನಾಗಿ ಬರಲಿ ಎಂದು ಕಾಯುತ್ತಾ ಕೂತಿದ್ದೆ. ಕಾಫಿ ಆರಿಹೋಯಿತು. ಚಪ್ಪಲಿ ಮೆಟ್ಟಿಕೊಂಡಿದ್ದೇನೆ. ಸಿರುಗುಪ್ಪದ ಬಸ್ಸು ಸಿಕ್ಕರೆ ಮಧ್ಯಾಹ್ನದ ಊಟಕ್ಕೆ ಅವನ ಮನೆಯಲ್ಲಿರುತ್ತೇನೆ. ಮಾತಾಡುವುದೂ ಬಿಡುವುದೂ ಅವನಿಗೆ ಬಿಟ್ಟದ್ದು.