ಆ ಬೋರ್ಡಿಗೆ ಕೂರುವ ಕೊನೆಯ ಪ್ರೊಸೆಸರ್

ಅಂಗಡಿಯ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಕಂಪ್ಯೂಟರಿನ ಒಂದು ಹಳೆಯ ಪ್ರೊಸೆಸರ್ ಸಿಕ್ಕಿತು. ಬಿಸ್ಕತ್ತಿಗಿಂತ ಚಿಕ್ಕದು. ಮೇಲೆ ಒಣಗಿ ಬಿರುಕುಬಿಟ್ಟ ಬೂದು ಪೇಸ್ಟ್, ಅಡಿಯಲ್ಲಿ ಕೂದಲೆಳೆಯಂಥ ನೂರಾರು ಕಾಲುಗಳು. ಈಗಿನ ಯಾವ ಮದರ್‌ಬೋರ್ಡಿಗೂ ಅದು ಕೂರುವುದಿಲ್ಲ. ಗುಜರಿ ಡಬ್ಬಕ್ಕೆ ಹಾಕಲು ಹೋದ ಕೈ ಅಲ್ಲೇ ನಿಂತಿತು... ಅದು ನಮ್ಮ ಡ್ರಾಯಿಂಗ್ ಮಾಸ್ಟ್ರದ್ದು.

ಕಾರ್ಕಳದ ಹತ್ತಿರದ ಹೈಸ್ಕೂಲಿನಲ್ಲಿ ಅವರು ನಮಗೆ ಮೂರು ವರ್ಷ ಚಿತ್ರ ಕಲಿಸಿದ್ದರು. ಅವರ ಕ್ಲಾಸಿನಲ್ಲಿ ರಬ್ಬರ್ ಬಳಸುವಂತಿರಲಿಲ್ಲ. ಯಾರ ಕೈಯಲ್ಲಿ ಕಂಡರೂ ಕಿತ್ತು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಆ ಜೇಬು ಉಬ್ಬಿರುತ್ತಿತ್ತು. ನಾನು ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಶಾಲೆಯ ಗೋಡೆಗೆ ಚಿತ್ರ ಬಿಡಿಸಲು ಏಣಿ ಹತ್ತಿದ್ದವರು ಜಾರಿ ಬಿದ್ದರು. ಕುತ್ತಿಗೆಯ ಮೂಳೆಗೆ ಪೆಟ್ಟಾಯಿತು. ಕೈಕಾಲು ಎರಡೂ ಹೋದವು. ತಲೆಯನ್ನು ಮಾತ್ರ ಆಚೀಚೆ ತಿರುಗಿಸಬಲ್ಲವರಾಗಿ ಉಳಿದರು.

ಆಸ್ಪತ್ರೆ ಹತ್ತಿರವಿರಲೆಂದು ಅವರು ಅಲೆವೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನಾನಾಗ ಮಣಿಪಾಲದಲ್ಲಿ, ಒಂದು ಮಹಡಿಯ ಮೇಲೆ, ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ತೆರೆದಿದ್ದೆ. ಒಂದು ಮಧ್ಯಾಹ್ನ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದರು.

"ನೀನು ಅವರ ಸ್ಟೂಡೆಂಟ್ ಅಲ್ವಾ? ಒಮ್ಮೆ ಮನೆಗೆ ಬಾ. ಅವರಿಗೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸ್ಬೇಕಂತೆ."

ಹೋದೆ. ಕಿಟಕಿಯ ಪಕ್ಕಕ್ಕೆ ಮಂಚ. ಕಿಟಕಿಯಾಚೆ ಮೂರಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಗೋಡೆಯ ಮೇಲೊಂದು ನೀರಿನ ಪೈಪು. ಅಷ್ಟೇ ಅವರಿಗೆ ಕಾಣುತ್ತಿದ್ದ ಲೋಕ. ಮೂಲೆಯಲ್ಲಿದ್ದ ಅವರ ಹಳೆಯ ಕಂಪ್ಯೂಟರಿಗೆ ನಾನೊಂದು ಕ್ಯಾಮೆರಾ ಕೂರಿಸಿದೆ. ಅದು ಅವರ ಮೂಗಿನ ತುದಿಯನ್ನು ಗಮನಿಸುತ್ತಿತ್ತು. ತಲೆ ಹೊರಳಿದತ್ತ ಪರದೆಯ ಮೇಲಿನ ಬಾಣ ಹೊರಳಬೇಕು. ಆದರೆ ಪ್ರೊಸೆಸರ್ ಹಳೆಯದು. ಕ್ಯಾಮೆರಾ, ಚಿತ್ರದ ಸಾಫ್ಟ್‌ವೇರ್ ಎರಡೂ ಒಟ್ಟಿಗೆ ಓಡಿದರೆ ಅದಕ್ಕೆ ಉಸಿರುಕಟ್ಟುತ್ತಿತ್ತು. ಅವರು ತಲೆ ತಿರುಗಿಸಿ ನಿಲ್ಲಿಸಿದ ಮೇಲೆ ಬಾಣ ನಿಧಾನಕ್ಕೆ ಹೊರಡುತ್ತಿತ್ತು. ಎಳೆದ ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ಅವರ ಹಣೆ ಬೆವರಿತು. ಹೆಂಡತಿ ಟವೆಲಿನಲ್ಲಿ ಒರೆಸಿದರು.

"ಪ್ರೊಸೆಸರ್ ಬದಲಿಸ್ಬೇಕು ಮಾಸ್ಟ್ರೇ," ಎಂದೆ. "ಆದರೆ ಈಗ ಬೇಡ. ಹೊಸ ಪ್ರೊಸೆಸರ್ ಈ ಬೋರ್ಡಿಗೆ ಕೂರುವುದಿಲ್ಲ, ಕಾಲುಗಳೇ ಬೇರೆ. ಬೋರ್ಡ್ ಬದಲಿಸಿದ್ರೆ ರ‍್ಯಾಮೂ ಬದಲಿಸ್ಬೇಕು. ಈಗ ಅಂಗಡಿಯಲ್ಲಿರುವ ಬೋರ್ಡಿನ ಕಾಲವೂ ಮುಗೀತಾ ಬಂತು. ಎರಡು ತಿಂಗಳಲ್ಲಿ ಹೊಸತು ಬರ್ಲಿಕ್ಕುಂಟು. ಅದನ್ನು ಹಾಕಿದ್ರೆ ಮುಂದೆ ನಾಲ್ಕೈದು ವರ್ಷ ಚಿಂತೆಯಿಲ್ಲ."

ಯಾರಿಗಾದರೂ ನಾನು ಕೊಡುತ್ತಿದ್ದ ಸಲಹೆಯೇ ಅದು. ತಪ್ಪೇನೂ ಇರಲಿಲ್ಲ. ಎರಡು ತಿಂಗಳಾಯಿತು, ಹೊಸತು ಬಂತು. ಬಂದ ಹೊಸದರಲ್ಲಿ ಬೋರ್ಡುಗಳು ಸತಾಯಿಸುತ್ತಿದ್ದವು. ಸ್ವಲ್ಪ ಸರಿಯಾಗಲಿ ಎಂದೆ. ಸರಿಯಾಗುವ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಬರುವ ಸುದ್ದಿ ಬಂತು. ಹೀಗೆ ಎಂಟು ತಿಂಗಳು... ಪ್ರತಿ ಭಾನುವಾರ ಹೋಗಿ ಕೂತು ಯಾವುದು ಬಂತು, ಯಾವುದಕ್ಕೆ ಯಾವುದು ಕೂರುತ್ತದೆ ಎಂದು ಹೇಳುತ್ತಿದ್ದೆ. ಅವರೂ ಯಾರ್ಯಾರದೋ ವಿಡಿಯೋ ಹಾಕಿಸಿ ನೋಡಿ ನನಗಿಂತ ಹೆಚ್ಚು ತಿಳಿದುಕೊಂಡಿದ್ದರು. ಚಿತ್ರ ಮಾತ್ರ ಒಂದೂ ಆಗಿರಲಿಲ್ಲ. ಆ ಕೋಣೆಯಲ್ಲಿ ಕೂತರೆ ನನಗೂ ಕೈಕಾಲು ಕಟ್ಟಿಹಾಕಿದಂತಾಗುತ್ತಿತ್ತು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡುವಾಗ ನಾಚಿಕೆಯೆನಿಸುತ್ತಿತ್ತು.

ಒಂದು ಭಾನುವಾರ ನಾನು ಮತ್ತೆ, "ಮುಂದಿನ ನಾಲ್ಕು ವರ್ಷಕ್ಕೆ..." ಎಂದು ಶುರುಮಾಡಿದೆ. ಅವರು ನಕ್ಕರು.

"ಮಾರಾಯ, ಬರುವವರೆಲ್ಲ ನಿನ್ನೆ ನಿದ್ದೆ ಬಂತಾ, ಬೆಳಿಗ್ಗೆ ಎಂತ ತಿಂದ್ರಿ ಅಂತ ಕೇಳ್ತಾರೆ. ನನ್ನ ನಾಲ್ಕು ವರ್ಷದ ಮುಂದಿನ ಮಾತಾಡುವವ ನೀನೊಬ್ಬನೇ. ಅದು ಕೇಳ್ಲಿಕ್ಕೆ ಖುಷಿ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

ಅವರು ಮೂಲೆಯ ಕಂಪ್ಯೂಟರಿನ ಕಡೆ ತಲೆ ತಿರುಗಿಸಿದರು.

"ಈ ಹಳೇ ಬೋರ್ಡಿಗೆ ಕೂರುವ ಪ್ರೊಸೆಸರುಗಳಲ್ಲಿ ಎಲ್ಲಕ್ಕಿಂತ ಜೋರಿನದ್ದು ಯಾವುದುಂಟು?"

ಹೇಳಿದೆ. "ಆದರೆ ಅದು ಕೊನೆಯದ್ದು ಮಾಸ್ಟ್ರೇ. ಅದರ ಮೇಲೆ ಈ ಬೋರ್ಡಿಗೆ ದಾರಿಯಿಲ್ಲ. ಹೊಸತು ಸಿಗುವುದೂ ಇಲ್ಲ."

"ಹಳತೇ ಹುಡುಕು. ನನಗೆ ಬುಧವಾರ ಗೆರೆ ಎಳೀಬೇಕು."

ಉಡುಪಿಯ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಎರಡು ಕಾಲು ಬಾಗಿದ್ದವು, ಬ್ಲೇಡಿನ ತುದಿಯಿಂದ ನೆಟ್ಟಗೆ ಮಾಡಿದೆ. ಬುಧವಾರ ಸಂಜೆ ಕೂರಿಸಿ ಕಂಪ್ಯೂಟರ್ ಆನ್ ಮಾಡಿದೆ. ಮಾಸ್ಟ್ರು ತಲೆಯನ್ನು ತುಸುವೇ ಎಡಕ್ಕೆ ಹೊರಳಿಸಿದರು. ಬಾಣ ಆ ಕ್ಷಣವೇ ಹೊರಳಿತು. ಅವರು ಕಿಟಕಿಯ ಕಡೆ ಒಮ್ಮೆ ನೋಡಿ ಒಂದು ಉದ್ದ ಗೆರೆ ಎಳೆದರು. ಅದು ಆ ಪೈಪು.

ಅಲ್ಲಿಂದ ಅವರು ಬಿಡಿಸಿದ್ದೆಲ್ಲ ಆ ಗೋಡೆಯನ್ನೇ. ಬೆಳಗಿನ ಗೋಡೆ, ಪಾಚಿ ಹಿಡಿದ ಗೋಡೆ, ಪಕ್ಕದವರ ಸೀರೆಯ ನೆರಳು ಬಿದ್ದ ಗೋಡೆ. ಹೆಂಡತಿ ಬೇಸರದಿಂದ ಕೇಳಿದ್ದರು. "ಕಾಪುವಿನ ಸಮುದ್ರ ನೋಡಿ ಬೆಳೆದವರು ನೀವು. ಅದನ್ನು ಬಿಡಿಸ್ಬಾರ್ದಾ?"

"ಸಮುದ್ರ ಇಲ್ಲಿಗೆ ಕಾಣುವುದಿಲ್ವಲ್ಲ," ಎಂದಿದ್ದರು ಅವರು.

ಹತ್ತು ತಿಂಗಳು ಹಾಗೆ ನಡೆಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಹೋಗಿಬಿಟ್ಟರು. ಮನೆ ಖಾಲಿ ಮಾಡುವಾಗ ಹೆಂಡತಿ ಕಂಪ್ಯೂಟರನ್ನು ನನಗೇ ಕೊಟ್ಟು, ಕಾಪುವಿಗೆ ತಂಗಿಯ ಮನೆಗೆ ಹೋದರು. ಕಂಪ್ಯೂಟರ್ ಕೆಟ್ಟ ಮೇಲೆ ನಾನು ಚಿತ್ರಗಳನ್ನೂ ಆ ಪ್ರೊಸೆಸರನ್ನೂ ತೆಗೆದಿಟ್ಟುಕೊಂಡಿದ್ದೆ.

ಕಳೆದ ವಾರ ಅವರನ್ನು ನೋಡಲು ಹೋಗಿದ್ದೆ. ಚಿತ್ರಗಳನ್ನು ಫೋನಿಗೆ ಹಾಕಿಕೊಡು ಎಂದಿದ್ದರು. ಒಟ್ಟು ನಲವತ್ತಮೂರು. ಹಾಕುತ್ತಿರುವಾಗ, ಎಷ್ಟೋ ವರ್ಷದಿಂದ ಹೇಳದೆ ಉಳಿದಿದ್ದ ಮಾತನ್ನು ಹೇಳಿಯೇಬಿಟ್ಟೆ. "ಅಕ್ಕ, ನಾನು ಆ ಪ್ರೊಸೆಸರ್ ಮೊದಲೇ ಹಾಕಿಕೊಡಬಹುದಿತ್ತು. ಸುಮ್ಮನೆ ಕಾಯಿಸಿದೆ."

ಅವರು, "ನೀನು ಬಂದು ಹೋದ ದಿನ ಅವರು ಸರಿಯಾಗಿ ಊಟ ಮಾಡ್ತಿದ್ರು," ಎಂದರು. ಕಾಯಿಸಲಿಲ್ಲ ಎಂದು ಮಾತ್ರ ಹೇಳಲಿಲ್ಲ.

ಫೋನ್ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮೊದಲ ಚಿತ್ರದಿಂದ ಒಂದೊಂದಾಗಿ ನೋಡತೊಡಗಿದರು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಮನಸ್ಸೆಲ್ಲ ಆ ಮೊದಲನೆಯದಕ್ಕೂ ಹಿಂದಿನ ಎಂಟು ತಿಂಗಳಲ್ಲಿತ್ತು... ಅವುಗಳಲ್ಲಿ ನೋಡಲು ಒಂದು ಚಿತ್ರವೂ ಇಲ್ಲ.