ವೈರಿನಲ್ಲಿ ತಪ್ಪಿರಲಿಲ್ಲ

ಗೊರಾಯಿಯ ತೋಟದಲ್ಲಿ ಆ ರಾತ್ರಿ ನಿಮ್ಮ ಉಸಿರಿನ ಮೆಷಿನ್ ತಾನಾಗಿ ಕೈಕೊಟ್ಟದ್ದಲ್ಲ. ಅದರ ಪ್ಲಗ್ಗನ್ನು ಎಳೆದವಳು ನಾನು — ನಿಮ್ಮ ಹೆಂಡತಿ. ಇಷ್ಟು ವರ್ಷ ಬಾಯಿ ಬಿಡದೆ ಕುಳಿತಿದ್ದೆ. ಇನ್ನು ಸಾಕು.

ನಿದ್ದೆಯಲ್ಲಿ ನಿಮ್ಮ ಉಸಿರು ನಿಂತು ನಿಂತು ಬರುತ್ತದೆ, ಮಾಸ್ಕ್ ಕಟ್ಟಿಕೊಳ್ಳದೆ ಮಲಗಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ ನೀವು ಊರು ಸುತ್ತುವ ಆಸೆಯನ್ನೇ ಬಿಟ್ಟಿದ್ದಿರಿ. ಮತ್ತೆ ನಿಮ್ಮನ್ನು ಹೊರಡಿಸಿದವನು ನನ್ನ ತಮ್ಮ ಸುರೇಶ. ಹೋಟೆಲಿನ ಗಲ್ಲಾದಿಂದ ಬಿಡುವು ಸಿಕ್ಕಾಗಲೆಲ್ಲ ಅವನು ಕಾಂದಿವಲಿಯ ತನ್ನ ಬಿಲ್ಡಿಂಗಿನ ಕೆಳಗೆ ಹಳೆಯ ವ್ಯಾನೊಂದರಲ್ಲಿ ಮಂಚ, ಒಲೆ, ಫ್ಯಾನು ಕೂರಿಸುತ್ತಿದ್ದ. ನಿಮಗೋಸ್ಕರವೇ ಇನ್ನೊಂದು ದೊಡ್ಡ ಬ್ಯಾಟರಿ ಹಾಕಿದ. ಮೆಷಿನ್ನಿನಲ್ಲಿ ನೀರು ಬೆಚ್ಚಗೆ ಮಾಡುವ ಭಾಗವೇ ಹೆಚ್ಚು ಕರೆಂಟ್ ತಿನ್ನುವುದು, ಅದನ್ನು ಬಂದ್ ಮಾಡಿದರೆ ಬ್ಯಾಟರಿ ಬೆಳಗಿನವರೆಗೂ ಬರುತ್ತದೆ ಎಂದು ಕಂಡುಕೊಂಡ. ಮಲಾಡಿನ ನಮ್ಮ ಸೊಸೈಟಿಯ ಅಂಗಳದಲ್ಲೇ ವ್ಯಾನ್ ನಿಲ್ಲಿಸಿ, ನಿಮ್ಮನ್ನು ಒಳಗೆ ಮಲಗಿಸಿ ಪರೀಕ್ಷೆಯೂ ಆಯಿತು. ಬೆಳಿಗ್ಗೆ ನೀವು ಮದುಮಗನ ಹಾಗೆ ನಗುತ್ತಾ ಇಳಿದು ಬಂದಿರಿ.

ಆಮೇಲೆ ಗೊರಾಯಿಗೆ. ಕರೆಂಟೇ ಇಲ್ಲದ ತೋಟ, ಪಕ್ಕದಲ್ಲೇ ಸಮುದ್ರ. ನಾವಷ್ಟೇ ಹೋಗಿದ್ದರೆ — ಆದರೆ ಮಗಳು ರಶ್ಮಿಗೆ ನೋಡಿದ್ದ ಹುಡುಗನ ತಂದೆ-ತಾಯಿಯನ್ನೂ ಕರೆದವಳು ನಾನೇ. ಮಾತುಕತೆ ಮುಗಿದಿತ್ತು, ನಿಶ್ಚಿತಾರ್ಥ ಬಾಕಿಯಿತ್ತು. ಒಂದು ದಿನ ಜತೆಗಿದ್ದರೆ ಸಲಿಗೆ ಬೆಳೆಯುತ್ತದೆ ಎಂದುಕೊಂಡಿದ್ದೆ. ಮಲಗುವ ಹೊತ್ತಿಗೆ ಸುರೇಶ ಹೊರಗೆ ಟೆಂಟಿನಲ್ಲಿ, ವ್ಯಾನಿನಲ್ಲಿ ನಾವು ನಾಲ್ವರು ಎಂದಾದಾಗ ನನಗೆ ಮಾಸ್ಕಿನ ಚಿಂತೆ ಹತ್ತಿತು. ಮಾಸ್ಕ್ ಇಲ್ಲದಿದ್ದರೆ ಗೊರಕೆ, ಅಷ್ಟೇ ತಾನೆ? ಗೊರಕೆ ಯಾರ ಮನೆಯಲ್ಲಿಲ್ಲ? ಗೊರಕೆ ಕೇಳಿ ಯಾರೂ ಸಂಬಂಧ ಬಿಡುವುದಿಲ್ಲ. ಆದರೆ ಬೆಳಿಗ್ಗೆ ಎದ್ದ ಬೀಗಿತಿಗೆ ಮುಖಕ್ಕೆ ಕೊಳವೆ ಹಾಕಿಕೊಂಡ ಮನುಷ್ಯ ಕಂಡರೆ — ಏನು ಕಾಯಿಲೆಯೋ, ಹುಡುಗಿಗೂ ಇದೆಯೋ ಎಂದು ಒಂದು ಮಾತು ಆಡಿಬಿಟ್ಟರೆ — ನಿಮಗೆ ಮಾಸ್ಕಿನ ಬಗ್ಗೆ ನಾಚಿಕೆಯೇ ಇರಲಿಲ್ಲ. ಇದ್ದದ್ದು ನನಗೆ.

ನೀವು ಹಲ್ಲುಜ್ಜಲು ಇಳಿದಾಗ ಹಾಸಿಗೆಯ ಹಿಂದೆ ಕೈ ಹಾಕಿ ಪ್ಲಗ್ಗನ್ನು ತುಸು ಎಳೆದುಬಿಟ್ಟೆ. ಬೀಗರು ಆಗಲೇ ಮಲಗಿದ್ದರು. ನೀವು ಬಂದು ಮೆಷಿನ್ನಿನ ಬಟನ್ ಒತ್ತಿದಿರಿ, ದೀಪ ಹತ್ತಲಿಲ್ಲ. ಸುರೇಶನನ್ನು ಕರೆಯಲು ಎದ್ದಿರಿ. ನಾನು ಕೈ ಹಿಡಿದೆ.

"ವೈರಲ್ಲಿ ಏನೋ ತೊಂದ್ರೆ ಇರ್ಬೇಕು. ಈಗ ಗಲಾಟೆ ಬೇಡ, ಬೀಗರಿಗೆ ಎಚ್ಚರ ಆಗ್ತದೆ. ಒಂದು ರಾತ್ರಿ ಅಲ್ವಾ?"

ನೀವು ನಂಬಿದಿರಿ. ನಿಮ್ಮ ಉಸಿರು ನಿಂತಾಗಲೆಲ್ಲ ಭುಜ ಅಲ್ಲಾಡಿಸುತ್ತ ಕುಳಿತಿದ್ದೆ. ಕೈ ಚಾಚಿದರೆ ಪ್ಲಗ್ಗು ಸಿಗುತ್ತಿತ್ತು. ಚಾಚಲಿಲ್ಲ. ಬೆಳಕು ಹರಿದ ಮೇಲೆ, ನೀವು ಎದ್ದು ಹೊರಗೆ ಹೋದಾಗ, ಯಾರಿಗೂ ಕಾಣದ ಹಾಗೆ ಅದನ್ನು ಒಳಗೆ ಒತ್ತಿದೆ.

ವಾಪಸು ಬರುವಾಗ ಬೀಗರು ಸುರೇಶನ ವ್ಯಾನಿನಲ್ಲಿದ್ದರು; ಹೋಗುವಾಗಿನ ಹಾಗೆ ನಮ್ಮ ಕಾರನ್ನು ನೀವೇ ಓಡಿಸಿದಿರಿ. ದಹಿಸರ್ ಸಿಗ್ನಲ್ಲಿನ ಹತ್ತಿರ ನಿಮಗೆ ಕಣ್ಣು ಹತ್ತಿತು. ಕಾರು ಮುಂದಿನ ರಿಕ್ಷಾಕ್ಕೆ ಹೋಗಿ ತಾಗಿತು. ಒಳಗೆ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳಿದ್ದಳು. ಯಾರಿಗೂ ಏನೂ ಆಗಲಿಲ್ಲ. "ಸೋ ಗಯೇ ಥೇ ಕ್ಯಾ, ಅಂಕಲ್?" — ನಿದ್ದೆ ಹೋಗಿದ್ದಿರಾ ಎಂದು ರಿಕ್ಷಾದವನು ಕಿರುಚಿದ. ನೀವು ಇಳಿದು ಅವನಿಗೆ ಕೈಮುಗಿದಿರಿ. ಆಗಲಾದರೂ ನಾನು — ಇಲ್ಲ, ಆಗಲೂ ಹೇಳಲಿಲ್ಲ.

ರಾತ್ರಿ ಮೆಷಿನ್ ನಡೆಯಲಿಲ್ಲವೆಂದು ನಿಮ್ಮಿಂದ ತಿಳಿದಿದ್ದ ಸುರೇಶ ಮರುದಿನ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಎಲ್ಲ ಬಿಚ್ಚಿ ನೋಡಿದೆ ಅಕ್ಕ. ತಪ್ಪು ಎಲ್ಲಿ ಅಂತ ಗೊತ್ತೇ ಆಗುದಿಲ್ಲ ಮಾರಾಯ್ತಿ. ಭಾವನಿಗೆ ಏನಾದ್ರೂ ಆಗಿದ್ರೆ ನಾನು ಏನು ಮಾಡ್ಬೇಕಿತ್ತು?"

ಇಲ್ಲದ ತಪ್ಪು ಅವನಿಗೆ ಎಲ್ಲಿ ಸಿಗಬೇಕು? ಸಿಕ್ಕಿದ್ದರೆ ಸರಿಪಡಿಸಿ ಮರೆಯುತ್ತಿದ್ದ. ಸಿಗಲಿಲ್ಲವೆಂದೇ ತನ್ನ ಕೈಯನ್ನೇ ನಂಬದವನಾದ. ವ್ಯಾನಿಗೆ ತಾಡಪತ್ರಿ ಹೊದಿಸಿದ. ಈಗ ಮನೆಯಲ್ಲಿ ಒಂದು ಸ್ವಿಚ್ ಬದಲಿಸಬೇಕಾದರೂ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಾನೆ. ನೀವೂ ಅಷ್ಟೇ, ಆಮೇಲೆ ಒಂದು ರಾತ್ರಿಯೂ ಹೊರಗೆ ಮಲಗಿಲ್ಲ. ರಶ್ಮಿಯ ಮದುವೆಯ ನಂತರ ಬೀಗಿತಿ ನಮ್ಮ ಮನೆಯಲ್ಲಿ ಮಾಸ್ಕ್ ನೋಡಿಯೇ ನೋಡಿದರು. "ಇದ್ರಲ್ಲಿ ನಿದ್ದೆ ಚೆನ್ನಾಗಿ ಬರ್ತದಾ?" ಎಂದಷ್ಟೇ ಕೇಳಿದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಾನು ಅತ್ತೆ. ಅತ್ತು ಮುಖ ತೊಳೆದು ಬಂದು ಅವರಿಗೆ ಚಹಾ ಕೊಟ್ಟೆ — ಅಷ್ಟೇ ಮಾಡಿದ್ದು.

ಮೊನ್ನೆ ಸುರೇಶ ಫೋನು ಮಾಡಿ, ಕುರ್ಲಾದ ಗುಜರಿಯವನಿಗೆ ವ್ಯಾನ್ ಕೊಡುತ್ತಿದ್ದೇನೆ ಎಂದ. "ಇಟ್ಕೊಂಡು ಏನು ಮಾಡುದು ಅಕ್ಕ? ನನ್ನ ಕೆಲಸಕ್ಕೆ ಗ್ಯಾರಂಟಿ ಇಲ್ಲ."

ಕೊಡಬೇಡ, ಭಾನುವಾರ ಮನೆಗೆ ಬಾ ಎಂದಿದ್ದೇನೆ. ಬೀಗರನ್ನೂ ಕರೆದಿದ್ದೇನೆ; ಅವರಿಂದ ಮುಚ್ಚಿಟ್ಟದ್ದನ್ನು ಅವರೆದುರೇ ಹೇಳಬೇಕು. ಅದಕ್ಕೂ ಮೊದಲು ನಿಮಗೆ ತಿಳಿಯಬೇಕೆಂದು ಇದನ್ನು ಬರೆದೆ. ಮಗಳಿಗಾಗಿ ಮಾಡಿದೆ ಎನ್ನುವುದಿಲ್ಲ, ಅವಳು ಕೇಳಿರಲಿಲ್ಲ. ಕ್ಷಮಿಸಿ ಎಂದು ನಿಮ್ಮನ್ನು ಕಟ್ಟಿಹಾಕುವುದೂ ಇಲ್ಲ. ನೀವು ಸಿಟ್ಟಾಗಿ, ಮಾತು ಬಿಡಿ, ನಡುವೆಯೇ ಎದ್ದು ಒಳಗೆ ಹೋಗಿ — ನಾನು ನಿಲ್ಲಿಸುವುದಿಲ್ಲ. ತಮ್ಮನ ಮುಖ ನೋಡಿಕೊಂಡೇ ಹೇಳುತ್ತೇನೆ: ಅವನು ವೈರುಗಳಲ್ಲಿ ಹುಡುಕಿದ ತಪ್ಪು ನಾನು ಎಂದು.